ಕ್ಯಾಮೆರಾ ನೋಡು, ನನ್ನನ್ನಲ್ಲ

“ಅಕ್ಕಾ, ನನ್ನ ಮುಖ ನೋಡ್ಬೇಡ ಕಣೇ, ಮೇಲಿರೋ ಕ್ಯಾಮೆರಾ ನೋಡು. ಇಲ್ದಿದ್ರೆ ನೆಲದಲ್ಲಿ ಸೂಜಿ ಹುಡುಕ್ತಿರೋ ಹಾಗೆ ಕಾಣ್ತೀಯ!” ಲ್ಯಾಪ್‌ಟಾಪಿನೊಳಗಿಂದ ತಂಗಿ ಗದರಿದಳು.

ಆಸ್ಪತ್ರೆಯ ಬಿಲ್ಲಿಂಗ್ ಕೆಲಸ ಹೋದ ಮೇಲೆ ಅಕ್ಕನಿಗೆ ಸಿಕ್ಕಿದ್ದು ಒಂದೇ ಒಂದು ಸಂದರ್ಶನ, ಅದೂ ವಿಡಿಯೊದಲ್ಲಿ; ಅದಕ್ಕೇ ತಂಗಿಯೊಡನೆ ಈ ತಾಲೀಮು. ಅಕ್ಕ ಕ್ಯಾಮೆರಾದ ಕಪ್ಪು ಚುಕ್ಕೆಗೆ ಕಣ್ಣು ನೆಟ್ಟು, ತನ್ನ ಅನುಭವವನ್ನೆಲ್ಲ ಅರಳು ಹುರಿದಂತೆ ಹೇಳಿದಳು.

“ಮನೇಲಿ ಒಬ್ಬರೇ ಕೂತು ಕೆಲಸ ಮಾಡ್ಬೇಕಾಗುತ್ತೆ, ಪರವಾಗಿಲ್ವಾ?” ತಂಗಿ ಅಧಿಕಾರಿಯ ಗತ್ತಿನಲ್ಲಿ ಕೇಳಿದಳು.

“ಅಭ್ಯಾಸ ಇದೆ ಮೇಡಂ. ಈ ಮನೇಲಿ ತೊಂದ್ರೆ ಕೊಡೋರು ಯಾರೂ ಇಲ್ಲ.” ಅಷ್ಟು ಹೇಳುವಷ್ಟರಲ್ಲಿ ಅಕ್ಕನ ಕಣ್ಣು ಚುಕ್ಕೆಯಿಂದ ಜಾರಿ ಕೆಳಗಿಳಿಯಿತು.

“ನೋಡು, ಮತ್ತೆ ನನ್ನನ್ನೇ ನೋಡ್ತಿದ್ದೀಯ!”

“ಇಂಟರ್ವ್ಯೂ ನಾಳೆ ತಾನೆ? ಇವತ್ತೊಂದಿನ ನಿನ್ನನ್ನೇ ನೋಡ್ತೀನಿ ಬಿಡೇ.”

ತಂಗಿ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು, ಪರದೆ ತುಂಬುವಷ್ಟು ಹತ್ತಿರ ಬಂದು ಕೂತಳು.