ಬಾಸಿಂಗದ ಗಂಟು

ಬಾಸಿಂಗದ ದಾರ ಮೈಲಾರಲಿಂಗಪ್ಪನ ಬೆರಳುಗಳಿಂದ ಮತ್ತೆ ಜಾರಿತು. ಮದುಮಗಳ ಹಣೆಗೆ ಬಾಸಿಂಗ ಕಟ್ಟುವುದು ಸೋದರಮಾವನ ಹಕ್ಕು. ಬೆಳ್ಳಟ್ಟಿಯ ಹಂದರದಲ್ಲಿ ನಾಲ್ಕು ಜನರೆದುರು ಅದನ್ನು ಬಿಟ್ಟುಕೊಡುವ ಆಸಾಮಿ ಅವನಲ್ಲ.

ಸೌಂದರ್ಯಾ ತಲೆ ತಗ್ಗಿಸಿ ಕೂತಿದ್ದಳು. ತೊಟ್ಟಿಲಲ್ಲಿದ್ದಾಗಿನಿಂದ ಅವಳನ್ನು ‘ನಮ್ಮ ಮನಿ ಸೊಸಿ’ ಎಂದು ಊರ ತುಂಬ ಹೇಳಿಕೊಂಡು ತಿರುಗಿದವನು ಅವನೇ. ಹೋದ ವರ್ಷ ಮಗ ಕನಕರಾಜನಿಗೆ ಲಕ್ಷ್ಮೇಶ್ವರದ ದೊಡ್ಡ ಮನೆತನದ ಹೆಣ್ಣು ತಂದವನೂ ಅವನೇ. ಇವಳು ಒಂದು ಮಾತೂ ಆಡಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡು ಅವನು ನೆಮ್ಮದಿಯಿಂದಿದ್ದ.

ಕೊನೆಗೂ ಗಂಟು ಬಿತ್ತು. “ಬಿಗಿ ಆತೇನವ್ವಾ?” ಎಂದು ಮೆತ್ತಗೆ ಕೇಳಿದ.

“ಇನ್ನೊಂದೀಟ ಬಿಗೀರಿ, ಮಾವ,” ಸೌಂದರ್ಯಾ ತಲೆಯೆತ್ತದೆ ಹೇಳಿದಳು. “ನಿಮ್ಮ ಮನಿ ಕಡೆ ಹೊರಳಿ ನೋಡಾಕ ಬರದಂಗ ಕಟ್ರಿ.”