ಬಲಗಡೆಯ ಹೂವು

ಬಲಗಡೆಯ ಹೂವು ಬಿತ್ತು. ಗರ್ಭಗುಡಿಯ ಮುಂದೆ ಕೂತಿದ್ದವರೆಲ್ಲ ನೋಡಿದರು. ಮಾದಪ್ಪನ ಎರಡೂ ಭುಜಕ್ಕೆ ಪೂಜಾರಿ ಮಹದೇವಸ್ವಾಮಿ ನೀರಲ್ಲಿ ಅದ್ದಿ ಅಂಟಿಸಿದ್ದ ಕಣಗಿಲೆ ಹೂಗಳಲ್ಲಿ ಎಡಗಡೆಯದು ಅಲ್ಲೇ ಕಚ್ಚಿಕೊಂಡಿತ್ತು, ಬಲಗಡೆಯದು ಜಾರಿ ಪೀಠದ ಮೇಲೆ ಕೂತಿತ್ತು. ಬಲಗಡೆ ಬಿದ್ದರೆ ದೇವರು ಒಪ್ಪಿದ ಅಂತ ಅರ್ಥ. ಆ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಅದು ಗೊತ್ತು.

"ಅಪ್ಪ ಕೊಟ್ಬುಟ್ಟ" ಅಂದಳು ದೊಡ್ಡಮಾದಮ್ಮ.

ಅವಳು ಕೇಳಿದ್ದು ರಾಜ್ಯವನ್ನಲ್ಲ. ಪದ್ಮಿನಿಯನ್ನು ಬಾಣಂತನಕ್ಕೆ ಮನೆಗೆ ಕರೆತರಲೋ ಬೇಡವೋ, ಅಷ್ಟೇ. ಪದ್ಮಿನಿ ಅವಳ ಸೊಸೆ, ತಾಯಿಯಿಲ್ಲದ ಹುಡುಗಿ. ಮಗ ಸತ್ತ ಮೇಲೆ ಆ ಹುಡುಗಿ ಬಾಳೆಲ್ಲ ಮೂಲೆ ಹಿಡಿದು ಕೂರುವುದು ಬೇಡ ಅಂತ ದೊಡ್ಡಮಾದಮ್ಮನೇ ಮುಂದೆ ನಿಂತು ಯಳಂದೂರಿನ ಟೈಲರ್ ಒಬ್ಬನಿಗೆ ಮದುವೆ ಮಾಡಿಸಿದ್ದಳು. ಟೈಲರ್ ಬೇರೆ ಕುಲದವನು. ಅಷ್ಟಕ್ಕೇ ಕುಲದ ಯಜಮಾನ ಕೆಂಪನಂಜಪ್ಪ ಅವಳನ್ನು ಕುಲದಿಂದಲೇ ಹೊರಗಿಟ್ಟ. ಮಾತಾಡಿಸಿದವರಿಗೆ ದಂಡ. ಡೈರಿಯಲ್ಲಿ ಅವಳ ಎಮ್ಮೆಯ ಹಾಲು ಅಳೆಯುವುದಿಲ್ಲ, ಮಿಲ್ಲಿನಲ್ಲಿ ಅವಳ ರಾಗಿ ಬೀಸುವುದಿಲ್ಲ, ಮಧುವನಹಳ್ಳಿಯ ತನಕ ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕು. ಅವಳು ಎತ್ತಿ ಆಡಿಸಿದ ಮಕ್ಕಳೇ ಈಗ ಮೀಸೆ ಬಂದ ಗಂಡಸರಾಗಿ, ಎದುರಿಗೆ ಸಿಕ್ಕರೆ ಮೊಬೈಲು ನೋಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಥೂ, ಗಂಡಸರಂತೆ.

ಬಸುರಿ ಹುಡುಗಿ ಊರೊಳಕ್ಕೆ ಕಾಲಿಡಬಾರದು ಅಂತ ಯಜಮಾನ ಹೇಳಿದಾಗ ದೊಡ್ಡಮಾದಮ್ಮ, "ನಿಮ್ಮಾತು ಬ್ಯಾಡ, ಮಾದಪ್ಪನ್ನೇ ಕೇಳವ" ಅಂದಿದ್ದಳು. "ಅವ್ನು ಒಪ್ಪುದ್ರೆ ಬ್ಯಾಡ ಅನ್ನಾಕೆ ನಾನ್ಯಾರು?" ಅಂತ ಅವನೂ ಪಂಚಾಯ್ತಿ ಕಟ್ಟೆಯ ಮೇಲೆ ದೊಡ್ಡದಾಗಿ ಒಪ್ಪಿದ್ದ. ದೇವರೂ ತನ್ನ ಕಡೆಯವನೇ ಅನ್ನುವ ಧೈರ್ಯ.

ಈಗ ಅವನು ಗಂಟಲು ಸರಿ ಮಾಡಿಕೊಂಡ. "ಗಾಳಿಗೆ ಬಿತ್ತು ಕಣ್ರಪ್ಪ. ಮೊದ್ಲು ಆ ಫ್ಯಾನ್ ಆಫ್ ಮಾಡಿ." ಗುಡಿಗೆ ಆ ಫ್ಯಾನು ಕೊಡಿಸಿದವನು ಅವನೇ. ಮೂರು ರೆಕ್ಕೆಗೂ ತನ್ನ ಹೆಸರು ಬರೆಸಿದ್ದ.

ಫ್ಯಾನು ನಿಂತಿತು. ಪೂಜಾರಿ ಬೇರೆ ಹೂ ಅಂಟಿಸಿ ಕೈಮುಗಿದ. ಜನ ಬೆವರು ಒರೆಸಿಕೊಳ್ಳುತ್ತ ಕಾದರು. ದೊಡ್ಡಮಾದಮ್ಮ ಮಾತ್ರ ನಿಶ್ಚಿಂತೆಯಿಂದ ಕೂತಿದ್ದಳು. ಮಾದಪ್ಪ ಯಾವತ್ತೂ ಅವಳ ಕೈಬಿಟ್ಟವನಲ್ಲ, ಕೈಬಿಟ್ಟವರೆಲ್ಲ ಇಲ್ಲೇ ಸುತ್ತಮುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ಹೂವು ಜಾರಿತು. ಮತ್ತೆ ಬಲಗಡೆಯದೇ.

"ನೀರು ಜಾಸ್ತಿಯಾಗದೆ" ಅಂದ ಕೆಂಪನಂಜಪ್ಪ. "ಸರ್ಯಾಗಿ ಅಂಟ್ಸಪ್ಪ ಮಹದೇವಸ್ವಾಮಿ. ದೇವ್ರ ಕೆಲ್ಸ ಇಂಗಾ ಮಾಡಾದು?"

ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ಇಲ್ಲಿ ಪಾಪ, ಪೂಜಾರಿ ಕೊಡುವುದಕ್ಕೂ ತಯಾರಿದ್ದ, ಯಜಮಾನ ಬಿಡಬೇಕಲ್ಲ. ಅವನು ಯಜಮಾನನ ಮುಖ ನೋಡಿದ, ತಲೆ ತಗ್ಗಿಸಿದ, ಗಂಧದ ಬಟ್ಟಲಿಗೆ ಕೈ ಹಾಕಿದ. ಬಲಗಡೆಯ ಹೂವಿಗೆ ದಪ್ಪನಾಗಿ ಗಂಧ ಮೆತ್ತಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಎಡಗಡೆಯದಕ್ಕೆ ಬರೀ ನೀರು. ಎಲ್ಲರಿಗೂ ಕಾಣುತ್ತಿತ್ತು.

ದೊಡ್ಡಮಾದಮ್ಮ ಎದ್ದು ನಿಂತಳು. "ಸಾಕು ಬುಡು ಮಹದೇವಸ್ವಾಮಿ. ಅಂಗ್ಯಾಕೆ ಒತ್ತೀಯೆ, ಅವ್ನಿಗೆ ನೋಯ್ತದೆ."

"ಇನ್ನೂ ಅಪ್ಪಣೆಯಾಗಿಲ್ಲ, ಕೂತ್ಕೊ" ಅಂದ ಕೆಂಪನಂಜಪ್ಪ.

"ನಂಗಾಯ್ತು. ನಿಮ್ಗೆ ಬೇಕಾದ ಕಡೆ ಬೀಳಗಂಟ ನೀವು ಕೇಳ್ತಾ ಕೂತಿರಿ ಯಜಮಾನ್ರೇ."

"ಈಗ ಎದ್ದೋದ್ರೆ, ನೀನು ಸತ್ತಾಗ ಎಗಲು ಕೊಡಾಕೂ ಒಬ್ಬ ಬರಾಕಿಲ್ಲ. ತಿಳ್ಕೊ."

"ಅದೊಂದಕ್ಕೇ ಎದ್ರುಕೊಂಡು ಇಷ್ಟು ದಿನ ನಿಮ್ಮ ಬಾಗ್ಲು ಕಾದೆ" ಅಂದಳು ಅವಳು. "ಬದುಕಿದ್ದಾಗ ಒಂದು ಮಾತೂ ಆಡ್ದೇ ಇದ್ದೋರು ಸತ್ ಮ್ಯಾಲೆ ಎಗಲು ಕೊಟ್ರೆಷ್ಟು, ಬುಟ್ರೆಷ್ಟು." ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಎದೆ ಹಗುರಾಗಿತ್ತು. ಇವರ ಕೈಯಲ್ಲಿ ಅವಳಿಂದ ಕಿತ್ತುಕೊಳ್ಳುವಂಥದ್ದು ಇನ್ನೇನೂ ಉಳಿದಿರಲಿಲ್ಲ.

ಅಲ್ಲೇ, ಎಲ್ಲರ ಮುಂದೆಯೇ, ಸೊಂಟದಿಂದ ಫೋನು ತೆಗೆದು ಪದ್ಮಿನಿಗೆ ಮಾಡಿದಳು. "ಅಮ್ಮಿ, ಬಟ್ಟೆಗಿಟ್ಟೆ ಕಟ್ಕೊಂಡಿರು. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಊಂ ಕನವ್ವ, ಮಾದಪ್ಪ ಒಪ್ಪವ್ನೆ. ಊರ ಮಾತು ಬುಡು, ನಾನಿವ್ನಿ."

ಫೋನು ಸಿಕ್ಕಿಸಿಕೊಂಡು ಗರ್ಭಗುಡಿಯ ಕಡೆ ತಿರುಗಿ ಕೈಮುಗಿದಳು. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಈಗ ಮನೆಯವರ ಹತ್ತಿರ ಆಡುವ ದನಿಯಾಯಿತು. "ನೀನೂ ಬಂದ್ಬುಡು ನನ್ನಪ್ಪ. ಏಳಿದ್ದ ಕೇಳ್ದೇ ಇರೋರ ಜೊತೇಲಿ ನೀನಾರೂ ಎಷ್ಟು ದಿನಾಂತ ಇದ್ದೀಯೆ? ನಮ್ಮನೇಲಿ ಕೂಸು ಉಟ್ತದೆ. ಬಾ, ಓಗವ."

ಹಿಂದಿರುಗಿ ನೋಡದೆ ಮೆಟ್ಟಿಲಿಳಿದು ನಡೆದುಬಿಟ್ಟಳು. ಯಾರೂ ತಡೆಯಲಿಲ್ಲ. ಗುಡಿಯೊಳಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕೆಂಪನಂಜಪ್ಪ ದಡಬಡನೆ ಎದ್ದ. "ಲೇ ಮಹದೇವಸ್ವಾಮಿ, ಬಾಗ್ಲು ಆಕು" ಅಂದ. ಇನ್ನೂ ಮಂಗಳಾರತಿಯೇ ಆಗಿರಲಿಲ್ಲ. ಪೂಜಾರಿ ಗರ್ಭಗುಡಿಯ ಬಾಗಿಲೆಳೆದು ಬೀಗ ಹಾಕಿದ. ಯಜಮಾನ ಹತ್ತಿರ ಹೋಗಿ, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ಜಗ್ಗಿ ಜಗ್ಗಿ ನೋಡಿದ.