ಆಯುಧಪೂಜೆಗೆ ಬಂದ ಪಿಸ್ತೂಲು

ಇದು ನಡೆದ ಕಥೆ. ಓಡಿದ ಕಥೆಯಲ್ಲ, ಯಾಕೆಂದರೆ ಕೊಲ್ಲಿ ನಾಡಿನ ಫಹಾಹೀಲ್ ರಸ್ತೆಯಲ್ಲಿ ಆ ಹೊತ್ತಿಗೆ ಯಾವ ಕಾರೂ ಓಡುತ್ತಿರಲಿಲ್ಲ. ಮುಂದೆ ಪೊಲೀಸ್ ತಪಾಸಣೆ. ಧನಂಜಯ್‌ನ ಕಾರಿಗೂ ಪೊಲೀಸರಿಗೂ ನಡುವೆ ಹನ್ನೊಂದು ಕಾರು. ಪಕ್ಕದ ಸೀಟಿನಲ್ಲಿ ಹೆಂಡತಿ ಸಿಂಚನಾ. ಅವಳ ತೊಡೆಯ ಮೇಲೆ ತೆರೆದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪಿಸ್ತೂಲು.

“ರೀ, ಏನ್ರೀ ಇದು?”

ಬಾಳೆಹಣ್ಣು ಇಡಲು ಜಾಗವಿದೆಯೇ ಎಂದು ಅವಳು ಮುಚ್ಚಳ ತೆಗೆದಿದ್ದಳು. ಕೆಂಪು ಮಖಮಲ್ಲಿನ ಮೇಲೆ ಕಪ್ಪು ನಳಿಕೆ, ಕಂದು ಹಿಡಿ.

“ಮುಚ್ಚು! ಮುಟ್ಟಬೇಡ!”

ಒಂದು ಗಂಟೆಯ ಹಿಂದೆ, ರಾಯ್ ಬಡಾವಣೆಯಲ್ಲಿ ತಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ, ಆ ಪೆಟ್ಟಿಗೆಯನ್ನು ಕೈಗಿತ್ತವನು ರುಡಾಲ್ಫ್. ಬಿಡಿಭಾಗಗಳ ಕೌಂಟರಿನ ಮಂಗಳೂರಿಗ. ಯಾರ ದನಿಯನ್ನಾದರೂ ಅಣಕಿಸಿಬಿಡುವವನು, ವೀಸಾ ಕೊಟ್ಟ ಮಾಲೀಕ, ಕಫೀಲ್ ಅಬು ನಾಸೆರ್‌ನದನ್ನಂತೂ ಕೆಮ್ಮಿನ ಸಮೇತ.

“ನಿಮ್ಮಲ್ಲಿ ಇವತ್ತು ಆಯುಧಕ್ಕೆ ಪೂಜೆ ಅಂತ ಬಾಸಿಗೆ ಹೇಳಿದ್ದೆ ಮಾರಾಯ. ನಿನಗೆ ಕಳಿಸಿದ್ದಾರೆ,” ಎಂದವನೇ ಗಂಟಲು ಒರಟು ಮಾಡಿಕೊಂಡ. “ಹಬೀಬಿ, ಬಿಸಿಲಿಗೆ ಇಡಬೇಡ. ಮಕ್ಕಳ ಕೈಗೆ ಸಿಕ್ಕಿದರೆ ಖಲಾಸ್. ಮತ್ತೆ, ವಾಪಸ್ ಮಾತ್ರ ತರಬೇಡ!”

ಧನಂಜಯ್ ಆಗ ನಕ್ಕಿದ್ದ. ಪೆಟ್ಟಿಗೆ ಭಾರವಿತ್ತು, ತಣ್ಣಗಿತ್ತು. ಸ್ಪ್ಯಾನರ್ ಸೆಟ್ ಇರಬೇಕು ಎಂದುಕೊಂಡಿದ್ದ.

ಈಗ ಒಂದೊಂದು ಮಾತೂ ಬೇರೆಯಾಗಿ ಕೇಳತೊಡಗಿತು. ಅಬು ನಾಸೆರ್ ವಾರವಾರವೂ ಶೂಟಿಂಗ್ ಕ್ಲಬ್ಬಿಗೆ ಹೋಗುವ ಆಸಾಮಿ. ಆಫೀಸಿನ ಗೋಡೆಯ ತುಂಬ ಪಿಸ್ತೂಲು ಹಿಡಿದ ಫೋಟೋಗಳು. ಅವನಿಗೆ ಲೈಸೆನ್ಸ್ ಇತ್ತು. ಆದರೆ ಲೈಸೆನ್ಸ್ ಆಸಾಮಿಗೆ, ಆಸಾಮಿಯ ಕೆಲಸಗಾರನಿಗಲ್ಲ. ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಬದುಕುವವನ ಕಾರಿನಲ್ಲಿ ಪಿಸ್ತೂಲು ಸಿಕ್ಕರೆ ಮೊದಲು ಜೈಲು, ಆಮೇಲೆ ವಿಮಾನ. ಹದಿನಾಲ್ಕು ವರ್ಷದ ಸಂಸಾರ ಎರಡು ಸೂಟ್‌ಕೇಸಿಗೆ ಇಳಿಯುತ್ತದೆ.

ವಾಪಸ್ ಯಾಕೆ ತರಬಾರದು? ಇದರಿಂದ ಯಾರಿಗೆ ಏನಾಗಿದೆ?

ರುಡಾಲ್ಫ್‌ಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

“ಎಸೆದುಬಿಡಿ ಅಂದ್ರೆ!”

“ಎಲ್ಲಿಗೆ? ಕಂಬಕ್ಕೊಂದು ಕ್ಯಾಮೆರಾ ಇದೆ.”

“ಗುಂಡು ಇದೆಯಾ ಅದ್ರಲ್ಲಿ? ತೆಗೆದಾದ್ರೂ ನೋಡಿ.”

ಅದನ್ನು ಅವನು ಮಾಡಲಾರ. ಮೈಸೂರಿನ ಎನ್‌ಸಿಸಿ ಮೈದಾನದಲ್ಲಿ ಸುಬೇದಾರರು ಕಿವಿ ಹಿಂಡಿ ಕಲಿಸಿದ್ದು ಮೂರೇ ಪಾಠ: ಪ್ರತಿ ಬಂದೂಕಿನಲ್ಲೂ ಗುಂಡು ಇದೆ ಎಂದೇ ತಿಳಿ. ನಳಿಕೆ ನೆಲಕ್ಕಿರಲಿ. ಪರರ ಬಂದೂಕನ್ನು ಬಿಚ್ಚಿ ನೋಡಬೇಡ.

ಏಳು ಕಾರು. ಉಸಿರು ಕಟ್ಟಿದಂತಾಗಿ ಕಿಟಕಿಯ ಗಾಜುಗಳನ್ನು ಇಳಿಸಿದ. ಕುಲುಮೆಯ ಗಾಳಿ ಒಳನುಗ್ಗಿತು. ಹಿಂದಿನ ಸೀಟಿನಲ್ಲಿ ಕರ್ಪೂರ, ಊದುಬತ್ತಿ, ಮಲ್ಲಿಗೆ ಮಾಲೆಗಳ ನಡುವೆ ಕೂತಿದ್ದ ಮಗಳು ನಿಖಿತಾ ಕಿವಿಯ ಇಯರ್‌ಫೋನ್ ತೆಗೆದಳು.

“ಅಪ್ಪಾ, ಸಮ್‌ಥಿಂಗ್ ಸ್ಮೆಲ್ಸ್ ಸೋ ನೈಸ್.”

“ಮಲ್ಲಿಗೆ ಕಣೇ. ಸುಮ್ನೆ ಕೂತ್ಕೋ.”

ಸಿಂಚನಾ ಪೆಟ್ಟಿಗೆಯನ್ನು ಸೆರಗಿನಡಿ ಮುಚ್ಚಿಕೊಂಡಳು. “ನನ್ನ ಹತ್ರ ಇರ್ಲಿ. ಹೆಂಗಸರನ್ನ ತಪಾಸಣೆ ಮಾಡಲ್ಲ ಅವ್ರು.”

“ಬೇಡ. ಕೊಡು ಇಲ್ಲಿ.” ಅವನು ಪಿಸ್ತೂಲನ್ನು ಕರ್ಚೀಫಿನಲ್ಲಿ ಸುತ್ತಿ, ನಳಿಕೆಯನ್ನು ಕೆಳಮುಖ ಮಾಡಿ, ಗಟ್ಟಿಯಾಗಿ ಹಿಡಿದು ತನ್ನ ಸೀಟಿನಡಿಗೆ ಸರಿಸಿದ. “ನಿನಗೇನೂ ಗೊತ್ತಿಲ್ಲ. ಕೇಳಿದ್ರೆ ಹಂಗೇ ಹೇಳು. ನನ್ನನ್ನ ಕರ್ಕೊಂಡು ಹೋದ್ರೆ ನಿಲ್ಲಬೇಡ, ಟ್ಯಾಕ್ಸಿ ಹಿಡಿದು ಸೀದಾ ಅಬು ಹಲೀಫಾದ ಮನೆಗೆ ಹೋಗು. ಇವಳ ಪರೀಕ್ಷೆ ಮುಗಿಯೋವರೆಗೂ ಆಸ್ಪತ್ರೆ ಕೆಲಸ ಬಿಡಬೇಡ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕರ್ಚೀಫು ದಾಟಿ ಅವನ ಅಂಗೈಗೆ ಕಂದು ಜಿಡ್ಡು ಹತ್ತಿತ್ತು. ಬಂದೂಕಿನ ಎಣ್ಣೆ! ಪ್ಯಾಂಟಿಗೆ ಒರೆಸಿದ. ಹೋಗಲಿಲ್ಲ, ಇನ್ನಷ್ಟು ಹರಡಿತು. ಸಾಕ್ಷಿ ಈಗ ಕೈಯಲ್ಲೇ ಇತ್ತು.

ಮೂರು ಕಾರು. ಎರಡು. ಒಂದು.

ಕಿಟಕಿಗೆ ಬಗ್ಗಿದ ಪೊಲೀಸನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಕಾಗದಪತ್ರ ಕೇಳಿದ. ಧನಂಜಯ್ ಎರಡೂ ಕೈ ಮೇಲೆತ್ತಿದ.

“ಸರ್, ಸೀಟಿನಡಿ ಪಿಸ್ತೂಲಿದೆ. ನಂದಲ್ಲ. ಹೆಂಡತಿ, ಮಗಳಿಗೆ ಏನೂ ಗೊತ್ತಿಲ್ಲ,” ಎಂದು ಬಂದಷ್ಟು ಅರಬ್ಬಿಯಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟ.

ಹುಡುಗ ಎರಡು ಹೆಜ್ಜೆ ಹಿಂದೆ ಹಾರಿದ. ಕೂಗಿದ. ಇನ್ನಿಬ್ಬರು ಸೊಂಟಕ್ಕೆ ಕೈಹಾಕಿಕೊಂಡೇ ಓಡಿಬಂದರು. ಇಳಿ. ನಿಧಾನ. ಬಾನೆಟ್ ಮೇಲೆ ಇಡು. ಹಿಂದೆ ಸರಿ.

ಧನಂಜಯ್ ಇಟ್ಟ. ಆಗಲೂ ನಳಿಕೆ ಯಾರ ಕಡೆಗೂ ತಿರುಗದಂತೆ ಇಟ್ಟ. ಮಂಡಿಯೂರಿದ. ಕಾರಿನೊಳಗೆ ಸಿಂಚನಾ ಅಳುತ್ತಿದ್ದಳು.

ಹಿರಿಯ ಪೊಲೀಸ್ ಹತ್ತಿರ ಬಂದು ಕರ್ಚೀಫು ಸರಿಸಿದ. ನೋಡಿದ. ಅರ್ಧ ಗಂಟೆಯಿಂದ ಉರಿಯುತ್ತಿದ್ದ ಎಂಜಿನ್, ಮೇಲೆ ನಾಲ್ಕು ಗಂಟೆಯ ಬಿಸಿಲು. ನಳಿಕೆಯ ತುದಿ ಮೆಲ್ಲಗೆ, ನಿದ್ದೆ ಬಂದವನ ತಲೆಯಂತೆ, ಬಾನೆಟ್ಟಿನತ್ತ ಬಾಗುತ್ತಿತ್ತು.

ಹಿರಿಯ ಅದನ್ನು ಎತ್ತಿಕೊಂಡ. ಮೂಗಿನ ಹತ್ತಿರ ಹಿಡಿದ. ನಳಿಕೆಯನ್ನು ತನ್ನ ಬಾಯೊಳಗೆ ಇಟ್ಟುಕೊಂಡ.

ಸಿಂಚನಾ ಕಿರುಚಿದಳು.

ಕಟಕ್.

“ಬಾದಾಮಿ ಇದೆ,” ಎಂದ ಪೊಲೀಸ್, ಅಗಿಯುತ್ತ.

ಡ್ಯಾಶ್‌ಬೋರ್ಡಿನ ಮೇಲೆ ಫೋನು ರಿಂಗಾಯಿತು. ನಿಖಿತಾ ಬಾಗಿ ಸ್ಪೀಕರ್ ಒತ್ತಿದಳು. ಮೊದಲು ಅಬು ನಾಸೆರ್‌ನ ಕೆಮ್ಮು, ಆಮೇಲೆ ರುಡಾಲ್ಫ್: “ಹಬೀಬಿ, ಶರ್ಕ್ ಪೇಟೆಯ ಮಿಠಾಯಿ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದು! ಪೂಜೆಗೆ ಬಂದವರಿಗೆಲ್ಲ ಸಾಕಾಯ್ತಾ ಅಂತ ಬಾಸ್ ಕೇಳ್ತಿದ್ದಾರೆ ಮಾರಾಯ!”

ಪೊಲೀಸರು ನಕ್ಕರು, ಅಳುತ್ತಲೇ ಸಿಂಚನಾ ನಕ್ಕಳು, ಆದರೆ ಎಲ್ಲರಿಗಿಂತ ಜೋರಾಗಿ, ಮಂಡಿಯೂರಿದಲ್ಲೇ ಹೊಟ್ಟೆ ಹಿಡಿದು ನಕ್ಕವನು ಧನಂಜಯ್; ಅವನ ಹತ್ತೂ ಬೆರಳಿಗೆ, ಪ್ಯಾಂಟಿಗೆ, ಒರೆಸಿಕೊಂಡ ಕಣ್ಣಿಗೆ ಕೂಡ, ಚಾಕೊಲೇಟು.